ಪೊಳ್ಳಾಚಿ ಬಸ್ಸಿನಲ್ಲಿ ಮನೆಮಾತು

ಇಂದುಜಾ ಓದುತ್ತಿದ್ದುದು ಇಂಗ್ಲಿಷಿನಲ್ಲಿ, ನೆನಪಿಟ್ಟುಕೊಳ್ಳುತ್ತಿದ್ದುದು ಕನ್ನಡದಲ್ಲಿ. ಕುರಿಚಿಯಲ್ಲಿ ಸೈನ್ಯಕ್ಕೆ ಬಿಡಿಭಾಗ ಮಾಡಿಕೊಡುವ ಕಾರ್ಖಾನೆಯೊಂದರಲ್ಲಿ ಅವಳಿಗೆ ಕೆಲಸ. ಸೈನ್ಯದ ಮಾಹಿತಿ ಭದ್ರತೆಯ ನಿಯಮಗಳ ಮೇಲೆ ಭಾನುವಾರ ಪರೀಕ್ಷೆ. ಪಾಸಾದರೆ ಭದ್ರತಾ ಅಧಿಕಾರಿಯ ಹುದ್ದೆ ಅವಳದು, ಇಲ್ಲವಾದರೆ ಹೊರಗಿನವರದು. ಅದರ ಮೇಲೆ ಎಷ್ಟು ಆಸೆಯೆಂದರೆ ಕನಸಿನಲ್ಲೂ ಬೀರುಗಳಿಗೆ ಬೀಗ ಹಾಕುತ್ತ ಓಡಾಡುತ್ತಿದ್ದಳು.

ಓದಿದ್ದನ್ನು ಅತ್ತೆ ಕನ್ನಿಯಮ್ಮಾಳ್‌ಗೆ ಒಪ್ಪಿಸಿದರೆ ಮಾತ್ರ ಅದು ತಲೆಯಲ್ಲಿ ನಿಲ್ಲುತ್ತಿತ್ತು. ಅತ್ತೆ ಮಗ್ಗದಲ್ಲಿ, ಸೊಸೆ ಪಕ್ಕದ ಮಣೆಯ ಮೇಲೆ. ಕೆಲಸಕ್ಕೆ ಬೇಕಾದವರಿಗೆ ಮಾತ್ರ ವಿಷಯ ತಿಳಿಯಬೇಕು ಎಂದರೆ, ಇದರಲ್ಲೇನು ಹೊಸದು ಎಂಬಂತೆ ಅತ್ತೆ ತಲೆಯಾಡಿಸುತ್ತಿದ್ದರು. ಹೊರಗಿನವರು ಬಂದರೆ ನೇಯುತ್ತಿರುವ ಹೊಸ ಸೆರಗಿನ ಮೇಲೆ ಹಳೇ ಟವೆಲು ಹೊದಿಸುವವರು ಅವರು. ನೂಲಿನ ವ್ಯಾಪಾರಿ ಎದುರಿಗೆ ಕೂತಿರುವಾಗಲೇ, ಅವನ ನೂಲು ಬೇಕೋ ಬೇಡವೋ ಎಂದು ಕನ್ನಡದಲ್ಲಿ ತೀರ್ಮಾನಿಸಿ, ತಮಿಳಿನಲ್ಲಿ ಕಾಫಿ ಕೊಡುವ, ತಮಿಳರ ನಡುವೆ ನೆಲೆಸಿದ ಕನ್ನಡ ನೇಕಾರರ ಮನೆ ಅದು. ಮನೆಮಾತು ಬೀಗ ಹಾಕಿದ ಬೀರುವಿಗಿಂತ ಭದ್ರವೆಂದು ಎಲ್ಲರೂ ನಂಬಿದ್ದರು. ಬಾಗಿಲು ಯಾರೂ ತಳ್ಳಿ ನೋಡಿರಲಿಲ್ಲ, ಅಷ್ಟೇ.

ಶುಕ್ರವಾರ ಇಬ್ಬರೂ ಆನೈಮಲೈಯ ಮಾಸಾಣಿ ಅಮ್ಮನಿಗೆ ಕೈಮುಗಿದು ಬರಲು ಹೊರಟರು. ಪೊಳ್ಳಾಚಿಯ ದಾರಿಯುದ್ದಕ್ಕೂ ತೆಂಗಿನ ನೆರಳು, ಬಿಸಿಲು, ಮತ್ತೆ ನೆರಳು ಬಸ್ಸಿನ ಕಿಟಕಿಯೊಳಗೆ ಬಂದು ಹೋಗುತ್ತಿದ್ದವು. ಇಂದುಜಾಳ ಕಣ್ಣು ಅರ್ಧ ಮುಚ್ಚಿತು. ನಿಯಮಗಳು ತೋಟದ ಒಳಗಿನಿಂದ ಒಂದೊಂದಾಗಿ ನಡೆದು ಬಂದು ತಾವಾಗಿಯೇ ಕನ್ನಡವಾಗಿ ಬಾಯಿಂದ ಹೊರಬರುತ್ತಿದ್ದವು. ಅತ್ತೆ ಒಂದು ಉದಾಹರಣೆ ಕೇಳಿದರು. ಅರೆನಿದ್ದೆಯ ಸುಖದಲ್ಲಿ ಅವಳು ಕೊಟ್ಟೂಬಿಟ್ಟಳು: ಕಾರ್ಖಾನೆಯಲ್ಲಿ ಈಗ ಯಾವ ಭಾಗ ತಯಾರಾಗುತ್ತಿದೆ, ಯಾವುದಕ್ಕೆ, ಯಾವ ಊರಿಗೆ ಹೋಗುತ್ತದೆ. ಅದನ್ನು ಇಲ್ಲಿ ಬರೆಯುವಂತಿಲ್ಲ. ಅತ್ತೆಗೂ ಹೇಳುವಂತಿರಲಿಲ್ಲ.

ಪೊಳ್ಳಾಚಿಯಲ್ಲಿ ಬಸ್ಸು ನಿಂತಿತು. ಮುಂದಿನ ಸೀಟಿನ ಯುವಕ ಚೀಲ ಹೆಗಲಿಗೇರಿಸಿ ಹಿಂದಕ್ಕೆ ತಿರುಗಿದ.

“ಪರೀಕ್ಷೆ ಚೆನ್ನಾಗಿ ಬರೀರಿ ಅಕ್ಕ,” ಎಂದ, ಅಚ್ಚ ಮೈಸೂರಿನ ಕನ್ನಡದಲ್ಲಿ. “ನಿಮ್ಮ ಮಾತು ಕೇಳಿ ಊರಿಗೆ ಹೋದ ಹಾಗಾಯ್ತು.”

ನಕ್ಕು ಇಳಿದವನು ಜನರ ನಡುವೆ ಕಾಣದಾದ. ಇಂದುಜಾ ಕಿಟಕಿಯಿಂದ ಬಗ್ಗಿ ಹುಡುಕಿದಳು.

“ನಲ್ಲ ಹುಡುಗ, ಪಾವ,” ಎಂದು ಅತ್ತೆ ತಮಿಳು ಬೆರೆಸಿ ಅವನನ್ನು ಒಳ್ಳೆಯವನೆಂದರು. “ಅವ್ನಿಗೇನು ತಿಳೀತು? ಸುಮ್ನಿರು ಕಣ್ಣು.” ಅಕ್ಕರೆ ಉಕ್ಕಿದಾಗ ಸೊಸೆ ಅವರಿಗೆ ‘ಕಣ್ಣು’.

ಸುಮ್ಮನಿರಲು ಅವಳಿಗೂ ಬಹಳ ಮನಸ್ಸಿತ್ತು. ಆದರೆ ಓದಿದ್ದು ಬಿಡಬೇಕಲ್ಲ. ಗುಟ್ಟು ಹೊರಬಿದ್ದರೆ ಅದನ್ನು ಬಿಟ್ಟುಕೊಟ್ಟವರೇ ಕೂಡಲೇ ತಿಳಿಸಬೇಕು. ಕೇಳಿದವನು ಒಳ್ಳೆಯವನೋ ಕೆಟ್ಟವನೋ ಎಂದು ಅಳೆಯುವ ಅಧಿಕಾರ ಅವರಿಗಿಲ್ಲ. ಸುಮ್ಮನಿದ್ದು ಪಾಸಾದರೆ ನಾಳೆ ಇದನ್ನೇ ಇನ್ನೊಬ್ಬರಿಗೆ ಯಾವ ಬಾಯಲ್ಲಿ ಹೇಳುವುದು?

ಬಸ್ಸಿಳಿದು, ನಿಲ್ದಾಣದ ಕಂಬಕ್ಕೆ ಒರಗಿ ಮೇಲಧಿಕಾರಿ ನಂದಕುಮಾರ್‌ಗೆ ಫೋನ್ ಮಾಡಿದಳು. ಬಸ್ಸಿನಲ್ಲಿ ಬಾಯಿ ಜಾರಿತೆಂದಳು, ಉಳಿದದ್ದನ್ನು ಎದುರಿಗೆ ಬಂದು ಹೇಳುವುದಾಗಿ ತಿಳಿಸಿದಳು. ಅವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಭಾನುವಾರ ಪರೀಕ್ಷೆಗೆ ಕೂರಬೇಡಿ, ಹುದ್ದೆಗೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದರು. ಇಂದುಜಾ ಅಲ್ಲೇ ನಿಂತು ಬಿಕ್ಕಿಬಿಕ್ಕಿ ಅತ್ತಳು. ಅತ್ತೆ ಅವಳ ಚೀಲ ಹಿಡಿದು ನಿಂತರು.

ದೇವಸ್ಥಾನಕ್ಕೆ ಹೋದರು; ಅಮ್ಮನನ್ನು ಏನೂ ಕೇಳಲಿಲ್ಲ. ಮರಳುವಾಗ ತೋಟಗಳೆಲ್ಲ ನೀಲಿಯಾಗಿದ್ದವು, ಎಲ್ಲಿಂದಲೋ ಬೆಲ್ಲದ ವಾಸನೆ ಬರುತ್ತಿತ್ತು. ಹೋಗುವಾಗ ಬಸ್ಸಿನಲ್ಲಿ ಗಂಟಲು ಬಿಟ್ಟು ಕನ್ನಡ ಮಾತಾಡಿದ್ದ ಅತ್ತೆ ಈಗ ಮುಂದಿನ ಸೀಟು ನೋಡಿದರು, ಹಿಂದಿನದನ್ನೂ ನೋಡಿದರು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಸೊಸೆಯ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು:

“ಹಸಿವಾ ಕಣ್ಣು?”