ಅರ್ಧ ದನಿ

ಮೊದಲ ವೇಷದಿಂದಲೂ ನನ್ನ ತಂಗಿಯ ರವಿಕೆಯ ಕೊಂಡಿ ಹಾಕಿದವಳು ನಾನೇ. ಜನ ಅವಳ ಮುಖ ನೋಡುತ್ತಾರೆ, ನನಗೆ ಅವಳ ಬೆನ್ನು ಗೊತ್ತು. ಹಾಡಿನಲ್ಲೇ ನಡೆಯುವ ಒಪೆರಾ ನಾಟಕಗಳಲ್ಲಿ ಅವಳು ಸೊಪ್ರಾನೋ. ಹೆಣ್ಣು ದನಿಗಳಲ್ಲಿ ಅದಕ್ಕಿಂತ ಮೇಲಿನದಿಲ್ಲ, ಜಂಬದಲ್ಲಿ ಅವಳಿಗಿಂತ ಮೇಲಿನವರಿಲ್ಲ. ಆ ಸಂಜೆ ಮಾತ್ರ ಬೆನ್ನು ಒಂದು ಕಡೆ ನಿಲ್ಲುತ್ತಿರಲಿಲ್ಲ.

"ನೆಟ್ಟಗೆ ನಿಂತ್ಕೋ ಮಾರಾಯ್ತಿ."

"ನಿಂತೇ ಇದೀನಲ್ಲಕ್ಕಾ, ನೀನೇ ಕೊಂಡಿ ತಪ್ಪಿಸ್ತಿದೀಯ."

ಇಬ್ಬರಿಗೂ ಭಯವಿತ್ತು. ಚಳಿಗಾಲದ ಹಾಳು ಕೆಮ್ಮು ಅವಳ ತುತ್ತತುದಿಯ ಸ್ವರವನ್ನು ಹೊತ್ತುಕೊಂಡು ಹೋಗಿತ್ತು. ಕೊನೆಯ ಹಾಡಿಗೆ ಆ ಸ್ವರವೇ ಜೀವ. ಇವತ್ತು ಅದು ಕೇಳದಿದ್ದರೆ ಮುಂದಿನ ವರ್ಷ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ರಂಗಮಂದಿರದ ಯಜಮಾನ ಮುಲಾಜಿಲ್ಲದೆ ಹೇಳಿದ್ದ.

ತಾಲೀಮಿನಲ್ಲಿ ಗಾಯಕರು ಪೂರ್ತಿ ದನಿ ಖರ್ಚು ಮಾಡುವುದಿಲ್ಲ, ಅರ್ಧ ದನಿಯಲ್ಲಿ ಗುನುಗಿಕೊಂಡು ಹೋಗುತ್ತಾರೆ. ನಮಗೆ ಅದೇ ನೆಪವಾಯಿತು. ಆ ಜಾಗ ಬಂದಾಗ ಇವಳು ಸುಮ್ಮನೆ ಕೈ ಎತ್ತುವಳು, ವಾದ್ಯದವರಿಗೆ ತಪ್ಪದಿರಲೆಂದು ಪರದೆಯ ಪಕ್ಕದಿಂದ ಅವಳ ಮಗಳು ಆ ಸ್ವರ ಹಾಡುವಳು. ಮಗಳೂ ಅಲ್ಲಿಯೇ ಗುಂಪಿನಲ್ಲಿ ಹಾಡುವವಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಕಣ್ಣು ಮುಚ್ಚಿ ಕೇಳಿದರೆ ಯಾರ ಗಂಟಲೆಂದು ನನಗೂ ತಿಳಿಯದು. ವಾರಗಟ್ಟಲೆ ಹೀಗೇ ನಡೆದಿತ್ತು. ಆದರೆ ಈ ಸಂಜೆ ಸಭೆಯ ಎದುರು ತಂಗಿಯೇ ಹಾಡಬೇಕಿತ್ತು.

ಕೊನೆಯ ಹಾಡು ಶುರುವಾದಾಗ ನಾನೂ ಮಗಳೂ ಪರದೆಯ ಪಕ್ಕದಲ್ಲಿದ್ದೆವು. ಹುಡುಗಿ ಉಗುರು ಕಚ್ಚುತ್ತಿದ್ದಳು.

"ಅಮ್ಮಂಗೆ ಬರತ್ತಾ ದೊಡ್ಡಮ್ಮ?"

"ಬಂದ್ರೆ ಬರತ್ತೆ. ನನ್ನ ತಲೆ ತಿನ್ಬೇಡ."

ತಂಗಿಯ ಕೈ ಮೇಲೆದ್ದಿತು. ಪಕ್ಕೆಗಳು ಅಗಲವಾದವು, ಉಸಿರು ಸೊಂಟದವರೆಗೂ ಇಳಿಯಿತು. ಅರ್ಧ ದನಿಗೆ ಯಾರೂ ಅಷ್ಟು ಉಸಿರು ತುಂಬಿಕೊಳ್ಳುವುದಿಲ್ಲ. ಅಷ್ಟರಲ್ಲಿ, ಕೈ ಎದ್ದದ್ದೇ ತಡ, ಪಕ್ಕದಲ್ಲಿದ್ದ ಹುಡುಗಿ ರೂಢಿಯ ಮೇಲೆ ಬಾಯಿ ತೆರೆದಿದ್ದಳು.

ಸ್ವರ ಛಾವಣಿ ಮುಟ್ಟಿತು. ತಂಗಿ ಒಂದು ಸಲ ಬೆಚ್ಚಿ, ತುಟಿಯವರೆಗೆ ಬಂದದ್ದನ್ನು ನುಂಗಿ, ಬಾಯಿ ತೆರೆದೇ ನಿಂತಳು. ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು.

ಪರದೆ ಬಿದ್ದ ಮೇಲೆ ಯಜಮಾನ ಓಡಿಬಂದ. "ಮುಂದಿನ ವರ್ಷಾನೂ ನೀವೇ ಮೇಡಂ!"

ಹುಡುಗಿ ಬಿಕ್ಕುತ್ತಿದ್ದಳು. "ಬೇಕಂತ ಮಾಡ್ಲಿಲ್ಲಮ್ಮ, ಬಾಯಿಗೆ ಬಂದ್ಬಿಡ್ತು."

"ಒಳ್ಳೇದೇ ಆಯ್ತು ಬಿಡೇ. ನನಗೆಲ್ಲಿ ಬರ್ತಿತ್ತು?" ಎಂದು ತಂಗಿ ಅವಳ ಕೆನ್ನೆ ಒರೆಸಿದಳು.

ಆಮೇಲೆ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು: "ಬಂದಿತ್ತಕ್ಕಾ. ಅವಳಿಗೆ ಹೇಳ್ಬೇಡ."

ಹೊರಗೆ ಜನ ಕೂಗುತ್ತಲೇ ಇದ್ದರು. ಅವಳು ನಗು ತಂದುಕೊಂಡು, ಮಗಳ ಸ್ವರಕ್ಕೆ ಬಿದ್ದ ಚಪ್ಪಾಳೆಗೆ ತಲೆಬಾಗಲು ಹೋದಳು.