ಹೊಳೆಯುತ್ತಿದ್ದ ಒಂದೇ ನಟ್ಟು

ದೋಣಿಯ ತಳದಲ್ಲಿ ಬೋರಲಾಗಿ ಮಲಗಿ ಮಗ ಕೈಪಂಪು ಒತ್ತುತ್ತಿದ್ದ. ನೆತ್ತಿಯ ಮೇಲೆ, ಹಲಗೆಯಾಚೆ, ಅವನ ಅಪ್ಪನ ಹೆಣದ ಪೆಟ್ಟಿಗೆಯನ್ನು ಹೇಗಿಡಬೇಕೆಂದು ಜಗಳ ನಡೆದಿತ್ತು.

"ತಲೆ ಮುಂದಕ್ಕಿರ್ಲಿ ಕಣಯ್ಯಾ. ಕ್ಯಾಪ್ಟನ್ ಹಿಂದೆ ನೋಡ್ಕೊಂಡು ಹೋಗ್ತಾನಾ?" ಹಾಯಿ ಹೊಲಿಯುವ ಮುದುಕನ ದನಿ.

"ಮಲಗಿರೋನಿಗೆ ಮುಂದೇನು, ಹಿಂದೇನು? ಮೊದ್ಲು ಹಗ್ಗ ಬಿಗಿ. ಅಲೆಗೆ ಜಾರಿ ಬಿದ್ರೆ ನೀನು ಹಾರ್ತೀಯಾ?" ಇದು ಕ್ರೇನ್ ಓಡಿಸುವವನು.

ಇಡೀ ಬಂದರು ಅಪ್ಪನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿತ್ತು. ಅಲೆ ತಡೆಯುವ ಬಂದರಿನ ಗೋಡೆಯನ್ನು ಒಮ್ಮೆಯೂ ದಾಟದ ಕ್ಯಾಪ್ಟನ್. ಸಾಗರ ದಾಟುತ್ತೇನೆಂದು ಹೆಂಡತಿ ಮಗನನ್ನು ಕಟ್ಟಿಕೊಂಡು ಹಾಯಿದೋಣಿಯಲ್ಲೇ ಸಂಸಾರ ಹೂಡಿದವನು. ಪ್ರತಿ ವರ್ಷ ಗಾಳಿ ತಿರುಗುವ ಹೊತ್ತಿಗೆ ಹೊರಡಲು ಸಿದ್ಧ. ಪ್ರತಿ ವರ್ಷ ದೋಣಿ ಸೋರಿ ಪ್ರಯಾಣ ರದ್ದು. ಮಣ್ಣಿಗೆ ಕೊಡುವ ಮುಂಚೆ ಒಂದು ಸಲವಾದರೂ ಗೋಡೆಯಾಚೆ ಸುತ್ತು ಹಾಕಿಸೋಣ ಎಂದು ಬಂದರಿನವರು ಹಟ ಹಿಡಿದಿದ್ದರು.

"ಬೇಡ, ಸೋರತ್ತೆ," ಎಂದಿದ್ದಳು ತಾಯಿ.

"ಮಗ ಫಿಟ್ಟರ್ ಅಲ್ವೇನಮ್ಮಾ? ಒಂದರ್ಧ ಗಂಟೆ ತಡೆಯೋ ಹಾಗೆ ಮಾಡ್ತಾನೆ ಬಿಡಿ."

ಅದಕ್ಕೇ ಅವನು ಇಲ್ಲಿಗೆ ಇಳಿದದ್ದು. ಬದುಕಿರುವ ತನಕ ಅಪ್ಪ ಈ ಮೂಲೆಗೆ ಯಾರನ್ನೂ ಬಿಟ್ಟವನಲ್ಲ. ನನ್ನ ದೋಣಿ, ನನ್ನ ತಲೆನೋವು ಎನ್ನುತ್ತಿದ್ದ.

ನೀರು ಇಳಿದ ಮೇಲೆ ಮಗ ಟಾರ್ಚ್ ಬಿಟ್ಟ. ಎಂಜಿನ್ನಿನ ಸರಳು ದೋಣಿಯಿಂದ ಹೊರಕ್ಕೆ ತೂರುವಲ್ಲಿ ಒಂದು ದಪ್ಪ ಹಿತ್ತಾಳೆ ನಟ್ಟು. ಸಮುದ್ರವನ್ನು ಹೊರಗೇ ತಡೆದು ನಿಲ್ಲಿಸುವುದು ಅದೇ. ಸುತ್ತಲಿನ ಉಳಿದ ನಟ್ಟುಗಳೆಲ್ಲ ಹಸಿರು ಕಿಲುಬು ಹಿಡಿದು ಕೂತಿದ್ದವು. ಇದೊಂದು ಮಾತ್ರ ಹೊಳೆಯುತ್ತಿತ್ತು. ಸ್ಪ್ಯಾನರ್ ಕಚ್ಚಿ ಕಚ್ಚಿ ಅದರ ಮೂಲೆಗಳು ಸವೆದಿದ್ದವು. ಸ್ಪ್ಯಾನರ್ ಪಕ್ಕದಲ್ಲೇ ಇತ್ತು, ಸದ್ದಾಗದಂತೆ ಬಟ್ಟೆ ಸುತ್ತಿಸಿಕೊಂಡು.

ಅವನು ತಿರುಗಿಸಿದ. ಒಂದು ಸುತ್ತು, ಇನ್ನರ್ಧ.

ನೀರು ನಿಂತಿತು.

*

ಶಾಲೆ ಬಿಡಿಸಿದಾಗ ಅವನಿಗೆ ಮೀಸೆ ಕೂಡ ಚಿಗುರಿರಲಿಲ್ಲ. "ಮುಂದಿನ ವಾರ ಹೊರಡ್ತಿದೀವಿ ಸಾರ್. ಸಮುದ್ರಕ್ಕಿಂತ ದೊಡ್ಡ ಶಾಲೆ ಯಾವುದಿದೆ?" ಎಂದು ಅಪ್ಪ ಹೆಡ್‌ಮಾಸ್ಟರ ಎದುರು ಎದೆಯುಬ್ಬಿಸಿ ಹೇಳಿ, ಮಗನ ಚೀಲವನ್ನು ತನ್ನ ಹೆಗಲಿಗೇರಿಸಿ ಹೊರಬಿದ್ದಿದ್ದ.

ಆ ವಾರವೆಲ್ಲ ಮೂವರೂ ಕೂತು ಊಟದ ಡಬ್ಬಿಗಳ ಮೇಲಿನ ಕಾಗದ ಕಿತ್ತರು. ಕಾಗದ ನೆನೆದು ಪಂಪಿಗೆ ಸಿಕ್ಕಿಕೊಂಡರೆ ನಡುನೀರಿನಲ್ಲಿ ದೇವರೇ ಗತಿ. ಬದಲಿಗೆ ಮುಚ್ಚಳಕ್ಕೆ ಬಣ್ಣದ ಚುಕ್ಕೆ: ಬಟಾಣಿಗೆ ಹಸಿರು, ಹಣ್ಣಿಗೆ ಕೆಂಪು, ಮೀನಿಗೆ ಕಪ್ಪು. ಒಂದಕ್ಕೊಂದು ತಾಗಿ ಒಡೆಯದಿರಲೆಂದು ತಾಯಿ ಪ್ರತಿ ಗಾಜಿನ ಲೋಟಕ್ಕೂ ಹಳೆ ಕಾಲುಚೀಲ ತೊಡಿಸಿದಳು.

ಹೊರಡುವ ಬೆಳಿಗ್ಗೆ ಕಾಲು ಕೆಳಗಿಟ್ಟರೆ ನೀರು. ಹಿಮ್ಮಡಿ ಮುಳುಗಿಸಿಕೊಂಡು ಅಪ್ಪ ನಿಂತಿದ್ದ. "ಈ ವರ್ಷ ನಮ್ಮ ಹಣೇಲಿ ಬರೆದಿಲ್ಲ ಕಣೋ," ಎಂದ. ಆ ಮುಖ ಮಗನಿಗೆ ಇನ್ನೂ ನೆನಪಿದೆ. ಪರೀಕ್ಷೆ ಮುಂದಕ್ಕೆ ಹೋಯಿತೆಂದಾಗ ಓದದ ಹುಡುಗರ ಮುಖ ಹಾಗಾಗುತ್ತದೆ.

ತಾಯಿ ಏನೂ ಕೇಳಲಿಲ್ಲ. ಬಕೆಟ್ ತಂದಳು.

ಮತ್ತೆ ಶಾಲೆಯ ಮಾತೆತ್ತಿದಾಗೆಲ್ಲ ಒಂದೇ ಉತ್ತರ: ಹೇಗೂ ಹೊರಡೋರಲ್ವಾ? ಉಪ್ಪುಗಾಳಿಗೆ ಡಬ್ಬಿಗಳ ಚುಕ್ಕೆ ಅಳಿಸಿಹೋಯಿತು. ಮೀನೆಂದು ತೆರೆದು, ಸಕ್ಕರೆಪಾಕದ ಹಣ್ಣನ್ನೇ ಊಟವೆಂದು ನುಂಗಿ ಮಲಗಿದರು. ಮಗ ಹಡಗು ರಿಪೇರಿಯ ವರ್ಕ್‌ಶಾಪಿನಲ್ಲಿ ಕಬ್ಬಿಣ ಉಜ್ಜಲು ಸೇರಿದ. ಅಪ್ಪನ ದೋಣಿ ಸರಿಹೋಗಲಿ ಎಂದೇ ಸೇರಿದ.

*

ನಟ್ಟಿನ ಕಪ್ಪು ಗ್ರೀಸು ಮೆತ್ತಿದ ಕೈಯನ್ನೂ ಒರೆಸಿಕೊಳ್ಳದೆ ಅವನು ತಾಯಿಯ ಮುಂದೆ ನಿಂತ. ಅವಳು ಅಡುಗೆಯ ಮೂಲೆಯಲ್ಲಿ ಲೋಟಗಳ ಕಾಲುಚೀಲ ಬಿಚ್ಚುತ್ತಿದ್ದಳು. ಬಂದವರಿಗೆ ಚಹಾ ಕೊಡಬೇಕಿತ್ತು.

"ಅಮ್ಮಾ, ದೋಣಿ ಸರಿಯಾಗೇ ಇತ್ತು. ಅಪ್ಪನೇ ನಟ್ಟು ಸಡಿಲ ಮಾಡ್ತಿದ್ದಿದ್ದು."

"ಮೆತ್ತಗೆ ಮಾತಾಡು."

"ನಿಂಗೆ ಗೊತ್ತಿತ್ತಾ?"

"ಪಕ್ಕದಲ್ಲೇ ಮಲಗೋಳಿಗೆ ಗೊತ್ತಾಗಲ್ವೇನೋ?" ಅವಳು ಲೋಟ ಒರೆಸಿದಳು. "ಭಯ ಕಣೋ ಅವರಿಗೆ. ದೊಡ್ಡದಾಗಿ ಹೇಳ್ಕೊಂಡು ಬಂದ್ಬಿಟ್ಟಿದ್ರು. ಬಾಯಿಬಿಟ್ಟು ಕೇಳಿದ್ದಿದ್ರೆ ಅವತ್ತೇ ಸಾಯ್ತಿದ್ರು."

"ನನ್ನ ಶಾಲೆ ಸತ್ತಿದ್ದು ಮಾತ್ರ ನಿಮಗ್ಯಾರಿಗೂ ಕಾಣ್ಲಿಲ್ಲ, ಅಲ್ವಾ?"

ಅವಳು ಇನ್ನೊಂದು ಲೋಟದ ಕಾಲುಚೀಲ ಬಿಚ್ಚಿದಳು.

"ಗೋಡೆ ದಾಟ್ಲಿ. ಎಲ್ಲರ ಮುಂದೆ ಹೇಳ್ತೀನಿ. ಕ್ಯಾಪ್ಟನ್ ಅಂತೆ, ಕ್ಯಾಪ್ಟನ್ನು!"

"ಇವತ್ತೊಂದಿನ ಬಿಟ್ಬಿಡೋ."

"ಇವತ್ತೇ."

*

ದೋಣಿ ಗೋಡೆ ದಾಟಿತು. ಮೊದಲ ದೊಡ್ಡ ಅಲೆಗೆ ಮೂತಿ ಎತ್ತಿ, ಮೆಲ್ಲಗೆ ಇಳಿದು, ಮುಂದಕ್ಕೆ ಸರಿಯಿತು. ಚುಕ್ಕಾಣಿ ಹಿಡಿದಿದ್ದ ಮಗನ ಅಂಗೈಗೆ ಅದರ ಜೀವ ತಾಗಿತು. ಅವನಿಗೆ ಇನ್ನಷ್ಟು ಸಿಟ್ಟು ಬಂತು.

"ಆಹಾ, ಬೆಣ್ಣೆಯೊಳಗೆ ಚಾಕು ಹೋದ ಹಾಗೆ ಹೋಗ್ತಿದೆ!" ಹಾಯಿಯವನು ಕಣ್ಣೊರೆಸಿಕೊಂಡ.

ಕ್ರೇನಿನವನು ಕೆಳಗೆ ಇಣುಕಿದ. "ಒಂದು ತೊಟ್ಟೂ ನೀರಿಲ್ವಲ್ರೀ. ಇಂಥಾದ್ದು ಇಟ್ಕೊಂಡು ಈ ಮನುಷ್ಯ ಯಾಕೆ ಹೋಗ್ಲಿಲ್ಲ?"

ಒಬ್ಬೊಬ್ಬರಾಗಿ ಎಲ್ಲರೂ ಮಗನತ್ತ ತಿರುಗಿದರು. ತಾಯಿ ಚಹಾದ ಖಾಲಿ ಲೋಟಗಳನ್ನು ಎತ್ತಿಕೊಂಡು ಕೆಳಗಿಳಿದಳು.

"ಹೇಳ್ತೀನಿ," ಎಂದ ಮಗ. ಕೆಮ್ಮಿದ. ಎಷ್ಟು ವರ್ಷದ ಮಾತು, ಎಲ್ಲಿಂದ ಹಿಡಿಯಬೇಕೆಂದು ತಿಳಿಯಲಿಲ್ಲ. "ಹೇಳ್ತೀನಿ, ಕೇಳಿ. ನಮ್ಮಪ್ಪ..."

"ನೀರು!" ಕೆಳಗಿನಿಂದ ತಾಯಿಯ ಕೂಗು. "ನೀರು ನುಗ್ತಿದೆ!"

ಕ್ರೇನಿನವನು ಓಡಿಹೋಗಿ ನೋಡಿ, ಪಂಪಿಗೆ ಕೈಹಾಕಿದ. "ಅಯ್ಯೋ, ಹೌದು ಕಣ್ರೀ! ತಿರುಗ್ಸಪ್ಪಾ, ಬೇಗ ತಿರುಗ್ಸು!"

"ನೋಡಿದ್ರಾ? ಪಾಪ, ಆ ಮನುಷ್ಯ ಸುಳ್ಳು ಹೇಳೋನಲ್ಲ," ಎಂದ ಹಾಯಿಯವನು. ಎಲ್ಲರೂ ತಲೆಯಾಡಿಸಿದರು.

ಮಗ ಚುಕ್ಕಾಣಿ ತಿರುಗಿಸಿದ. ತಾಯಿ ಮೇಲೆ ಬಂದು, ಯಾರನ್ನೂ ನೋಡದೆ ಪೆಟ್ಟಿಗೆಯ ಪಕ್ಕ ಕೂತು, ಬಿಳಿ ಬಣ್ಣದ ಮುಚ್ಚಳದ ಮೇಲೆ ಕೈಯಿಟ್ಟಳು. ಕೈ ತೆಗೆದಾಗ ಅಲ್ಲಿ ಐದು ಬೆರಳು, ಒಂದು ಅಂಗೈ, ಕಪ್ಪು ಗ್ರೀಸಿನಲ್ಲಿ ಮೂಡಿದ್ದವು. ಅವಳು ತೋಳಿನಿಂದ ಉಜ್ಜಿದಳು. ಅದು ಇನ್ನಷ್ಟು ಹರಡಿತು.