ಚಿಕ್ಕನಂಜಮ್ಮನ ಒಂಬತ್ತು ಮೆಟ್ಟಿಲು

ಮದ್ದೂರಿನ ಕಡೆ ಹೋಗುವ ಆ ನಾಲೆಯ ನಕ್ಷೆಗೆ ಶಾಯಿ ಹಾಕಿದವನು ನಾನು. ಹೆಸರು ಚಲುವರಾಜು, ಊರು ಗುತ್ತಲು, ಮಂಡ್ಯದ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ತಳ ಎಷ್ಟು ಅಗಲ, ದಂಡೆ ಎಷ್ಟು ಇಳಿಜಾರು, ನೀರು ಎಷ್ಟು ಎತ್ತರ, ಎಲ್ಲವನ್ನೂ ಕೂದಲೆಳೆ ತಪ್ಪದಂತೆ ಬರೆದಿದ್ದೆ. ಕೊಡ ಹಿಡಿದ ಹೆಂಗಸು ಆ ನೀರಿಗೆ ಹೇಗೆ ಇಳಿಯುತ್ತಾಳೆ ಎಂದು ಮಾತ್ರ ನನಗೂ ಹೊಳೆಯಲಿಲ್ಲ, ನನ್ನ ಮೇಲಿನವರಿಗೂ ಹೊಳೆಯಲಿಲ್ಲ. ನಮ್ಮ ಮನೆಗಳಲ್ಲಿ ನೀರು ಹೊರುವವರು ಗಂಡಸರಾಗಿದ್ದರೆ ಮೊದಲ ದಿನವೇ ಹೊಳೆಯುತ್ತಿತ್ತು.

ನನ್ನ ದೊಡ್ಡವ್ವ ಚಿಕ್ಕನಂಜಮ್ಮನ ಊರಲ್ಲಿ ಮೊದಲು ಮೆಟ್ಟಿಲಿದ್ದ ನೀರಿನ ಕಟ್ಟೆಯೊಂದಿತ್ತು. ನಾಲೆ ಹಾಯಲೆಂದು ಅದನ್ನು ಮುಚ್ಚಿದರು. ಅಂದಿನಿಂದ ಊರಿನ ಹೆಂಗಸರೆಲ್ಲ ನೀರಿಗೆ ನಾಲೆಯ ದಂಡೆಯನ್ನೇ ಇಳಿಯಬೇಕಾಯಿತು. ೧೯೪೧ರ ದೀಪಾವಳಿಗೆ ತವರಿಗೆ ಬಂದಿದ್ದ ದೊಡ್ಡವ್ವನ ಒಬ್ಬಳೇ ಮಗಳು ಮಂಚಮ್ಮ, ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದಳು. ಜೊತೆಗಿದ್ದ ದೊಡ್ಡವ್ವನ ಸೊಸೆ ಮುದ್ದಮ್ಮ ಸೆರಗು ಎಸೆದಳು, ಅದು ಮಂಚಮ್ಮನ ಕೈಗೆ ಎಟುಕಲಿಲ್ಲ. ಹೆಣ ಮೂರು ಮೈಲಿ ಕೆಳಗೆ ಸಿಕ್ಕಿತು.

ದೊಡ್ಡವ್ವ ಅಳಲಿಲ್ಲ. ತಿಥಿ ಮುಗಿಸಿ, ನಡೆದೇ ಮಂಡ್ಯಕ್ಕೆ ಬಂದು ನಮ್ಮ ಸಾಹೇಬರ ಎದುರು ನಿಂತು ಮೆಟ್ಟಿಲು ಕೇಳಿದಳು. ಅವರು ತಲೆಯೆತ್ತದೆ, "ನಾಲೆ ಇರುವುದು ಗದ್ದೆಗೆ. ಹೆಂಗಸರು ದೂರ ಇರಬೇಕು" ಎಂದರು. ಪಕ್ಕದ ಮೇಜಿನಲ್ಲಿದ್ದ ನಾನು ತುಟಿ ಬಿಚ್ಚಲಿಲ್ಲ. ನನ್ನಂಥ ಹೇಡಿ ಇನ್ನೊಬ್ಬನಿರಲಿಲ್ಲ.

ಹೊರಗೆ ಜಗಲಿಯಲ್ಲಿ ಅವಳು ನನ್ನನ್ನು ಹಿಡಿದಳು. "ಅವ್ನು ಕೊಡ್ದಿದ್ರೆ ಬುಡು. ಬ್ಯಾಸ್ಗೇಲಿ ನಾಲೆ ಒಣಗ್ತದಲ್ಲ, ಆವಾಗ ನಾವೇ ಕಟ್ಕತೀವಿ. ನೀನು ಬಂದು ಗೆರೆ ಆಕ್ಕೊಡು."

"ನನ್ ಕೆಲ್ಸ ಓಯ್ತದೆ ದೊಡ್ಡವ್ವ."

"ನನ್ ಮಗಳೇ ಸತ್ತೋದ್ಲು ಕಣ್ಲಾ."

ಭಾನುವಾರ ಅವಳ ಊರಿಗೆ ಹೋದೆ.

ದಂಡೆಯಿಂದ ನೀರಿನೊಳಕ್ಕೆ ಚಾಚಿದ, ಅಡಿ ಎತ್ತರದ ಮೆಟ್ಟಿಲುಗಳನ್ನು ಕಾಗದದ ಮೇಲೆ ಬರೆದು ತೋರಿಸಿದೆ. ದೊಡ್ಡವ್ವ ತನ್ನ ಗದ್ದೆಯ ಕಾಲುವೆಯಲ್ಲಿ ಕೆಸರು ಮೆತ್ತಿ ಅಂಥದ್ದೇ ಪುಟ್ಟ ಮೆಟ್ಟಿಲು ಮಾಡಿ, ಮೇಲಿನಿಂದ ಒಂದು ಹಿಡಿ ರಾಗಿ ಹೊಟ್ಟು ತೇಲಿಬಿಟ್ಟಳು. ಹೊಟ್ಟು ಮೆಟ್ಟಿಲ ಬಳಿ ಗಿರಗಿರ ಸುತ್ತಿತು, ನೋಡನೋಡುತ್ತ ಪಕ್ಕದ ದಂಡೆ ಕುಸಿಯಿತು.

"ನಿನ್ ಮೆಟ್ಲು ನೀರ್ಗೆ ಅಡ್ಡ ನಿಂತದೆ" ಎಂದು, ದಂಡೆಯನ್ನೇ ಒಳಕ್ಕೆ ಕೊರೆದು ಮತ್ತೆ ಮೆತ್ತಿದಳು. ಈಗ ಹೊಟ್ಟು ಮೂಲೆಗಳಲ್ಲಿ ನಿಂತು ಕೆಸರು ಕೂತಿತು. ಮೂಲೆಗಳನ್ನು ಅಂಗೈಯಿಂದ ಓರೆಯಾಗಿ ಸವರಿದಳು. ಮೂರನೇ ಸಲ ಹೊಟ್ಟು ಎಲ್ಲೂ ನಿಲ್ಲದೆ ಹೋಯಿತು. ಮೂರು ವರ್ಷ ಮೈಸೂರಿನಲ್ಲಿ ಓದಿ ಬಂದ ನಾನು ಕುಕ್ಕರುಗಾಲಲ್ಲಿ ಕೂತು ಬಾಯಿ ಬಿಟ್ಟುಕೊಂಡು ನೋಡಿದೆ.

"ಅಡಿ ಎತ್ರ ಯಾಕ್ಲಾ?"

"ಪುಸ್ತಕದಲ್ಲಿ ಅಂಗೈತೆ."

"ಪುಸ್ತಕ ಬರ್ದೋನು ಸೀರೆ ಉಟ್ಟಿದ್ನಾ?"

ಹಿತ್ತಲಲ್ಲಿ ಅಡಿ ಎತ್ತರಕ್ಕೆ ಒಂದೊಂದು ಮೆಟ್ಟಿಲಾಗುವಂತೆ ಇಟ್ಟಿಗೆ ಜೋಡಿಸಿದಳು. ತನ್ನ ಹಳೆ ಸೀರೆಯನ್ನು ನನಗೆ ಸುತ್ತಿ, ಸೊಂಟಕ್ಕೆ ತುಂಬಿದ ಬಿಂದಿಗೆ ಕೊಟ್ಟು ಹತ್ತಲು ಹೇಳಿದಳು. ಎರಡನೇ ಮೆಟ್ಟಿಲಲ್ಲೇ ಸೀರೆ ಕಾಲಿಗೆ ತೊಡರಿ, ಬಿಂದಿಗೆ ಸಮೇತ ಉರುಳಿದೆ. ಮಂಚಮ್ಮ ಹೋದಂದಿನಿಂದ ಮುಖ ಬಿಗಿದುಕೊಂಡಿದ್ದ ಮುದ್ದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಇಟ್ಟಿಗೆ ತೆಗೆದು, ಹಾಕಿ, ಕೊನೆಗೆ ಒಂದು ಗೇಣಿಗೆ ನಿಲ್ಲಿಸಿದೆವು. ಊರಿಗೇ ಗಿಡ್ಡಿ ಮುದ್ದಮ್ಮ, ಅದಕ್ಕೇ ಅವಳ ಗೇಣನ್ನೇ ಕೋಲಿನಲ್ಲಿ ಗುರುತು ಮಾಡಿಕೊಂಡೆವು. ಆ ಅಳತೆಗೆ ದಂಡೆಗೆ ಒಂಬತ್ತು ಮೆಟ್ಟಿಲು ಬಂದವು.

ಬೇಸಿಗೆಯಲ್ಲಿ ನಾಲೆ ಒಣಗಿತು. ಊರಿನ ಹೆಂಗಸರು ಹೊಲದ ಕಲ್ಲು ಹೊತ್ತು ಹನ್ನೆರಡು ದಿನದಲ್ಲಿ ಕಟ್ಟಿ ಮುಗಿಸಿದರು. ಮುದ್ದಮ್ಮ ಮಾತ್ರ ದಂಡೆಯ ಮೇಲಿಂದಲೇ ಕಲ್ಲು ಕೊಟ್ಟಳು, ಒಂದು ದಿನವೂ ಕೆಳಗಿಳಿಯಲಿಲ್ಲ.

ಮಳೆಗಾಲ ಹಿಡಿಯಿತು. ಮೇಲೆ ಅಣೆಕಟ್ಟೆಯಿಂದ ನಾಲೆಗೆ ನೀರು ಬಿಟ್ಟ ದಿನವೇ ಸಾಹೇಬರಿಗೆ ಮೆಟ್ಟಿಲಿನ ಸುದ್ದಿ ಮುಟ್ಟಿತು; ಅವರು ಹಾರೆ ಹಿಡಿದ ಆಳುಗಳನ್ನೂ ನಕ್ಷೆ ಹಿಡಿದ ನನ್ನನ್ನೂ ಕರೆದುಕೊಂಡು ಬಂದರು. "ಇದು ನಕ್ಷೆಯಲ್ಲಿ ಇಲ್ಲ. ಕಿತ್ತು ಹಾಕಿ."

ದೊಡ್ಡವ್ವ ಹೋಗಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಮೇಲಿನ ಮೆಟ್ಟಿಲುಗಳಲ್ಲಿ ಉಳಿದ ಹೆಂಗಸರು ಕೂತರು.

"ನೀರು ಬರ್ತಾ ಇದೆ, ಏಳಮ್ಮ!"

"ಬರ್ಲಿ ಬುಡಿ ಸ್ವಾಮಿ. ನನ್ ಮಗಳ್ನ ಕರ್ಕಂಡೋದ ನೀರೇ ತಾನೆ? ನಂಗೂ ಪರಿಚಯ ಅದೆ."

ಆಳುಗಳು ಹಾರೆ ಕೆಳಗಿಟ್ಟರು. ಅವರ ಮನೆಗಳಿಗೂ ಇದೇ ನೀರು. ಸಾಹೇಬರು ನನ್ನ ಕಡೆ ತಿರುಗಿದರು. "ಏನ್ರೀ ಚಲುವರಾಜು, ಈಕೆಗೆ ನಕ್ಷೆ ತೋರಿಸಿ. ಇದರಲ್ಲಿ ಮೆಟ್ಟಿಲು ಎಲ್ಲಿದೆ?"

ನಕ್ಷೆಯನ್ನು ದಂಡೆಯ ಕಲ್ಲಿನ ಮೇಲೆ ಹರವಿ, "ಸಾರ್, ಸ್ವಲ್ಪ ಪೆನ್ನು ಕೊಡಿ" ಎಂದೆ. ಕೊಟ್ಟರು, ಪಾಪ. ಬಲದಂಡೆಯಲ್ಲಿ ಒಂಬತ್ತು ಗೆರೆ ಎಳೆದು, ಅಳತೆ ಬರೆದು, ಕೆಳಗೆ ರುಜು ಹಾಕಿ, "ಇಲ್ಲಿದೆ ಸಾರ್" ಎಂದು ಪೆನ್ನನ್ನು ವಾಪಸ್ಸು ಕೊಟ್ಟೆ.

"ನಾಳೆಯಿಂದ ಕಚೇರಿಗೆ ಬರಬೇಡ."

"ಆಗಲಿ ಸಾರ್." ಅಷ್ಟು ಸಲೀಸಾಗಿ ಆ ಮಾತು ಬಾಯಿಂದ ಬಂತೆಂದು ನನಗೇ ಆಶ್ಚರ್ಯವಾಯಿತು.

"ಈ ಕಲ್ಲುಗಳನ್ನು ನಾನು ಕೀಳಬೇಕಾಗಿಲ್ಲ. ನೀರೇ ಕೀಳುತ್ತೆ, ನೋಡ್ತಿರಿ" ಎಂದು ಸಾಹೇಬರು ಕೊಡೆ ಬಿಚ್ಚಿ ನಿಂತರು.

ಕಸಕಡ್ಡಿ, ನೊರೆ ತಳ್ಳಿಕೊಂಡು ನೀರು ಬಂತು. ಅದು ಏರಿದ ಹಾಗೆ ದೊಡ್ಡವ್ವ ಒಂದೊಂದೇ ಮೆಟ್ಟಿಲು ಮೇಲೆ ಬಂದು ಕೂತಳು. ಏಳು ಮೆಟ್ಟಿಲು ಮುಳುಗಿದವು. ಎಲ್ಲರ ಕಣ್ಣೂ ಮೂಲೆಗಳ ಮೇಲೆ. ತರಗೆಲೆಗಳು ಸುತ್ತದೆ, ನಿಲ್ಲದೆ ಮುಂದೆ ಹೋದವು. ಒಂದು ಕಲ್ಲೂ ಅಲುಗಲಿಲ್ಲ. ಸಾಹೇಬರು ಒಂದು ಗಂಟೆ ಕಾದು, ಕೊಡೆ ಮಡಚಿ ಕಾರು ಹತ್ತಿದರು.

ದೊಡ್ಡವ್ವ ಮುದ್ದಮ್ಮನ ಕೈಗೆ ಬಿಂದಿಗೆ ಕೊಟ್ಟಳು. ಮುದ್ದಮ್ಮ ಹಿಂದೆ ಸರಿದಳು.

"ನಿನ್ ಅಳ್ತೆಗೇ ಕಟ್ಟಿರೋದು ಕಣವ್ವಾ. ಓಗು."

ಮುದ್ದಮ್ಮ ಇಳಿದಳು. ಬಿಂದಿಗೆ ಮುಳುಗಿಸಿ, ಸೊಂಟಕ್ಕೇರಿಸಿ, ಹತ್ತಿ ಬಂದಳು. ಒಂದು ಸಲವೂ ಕಾಲು ತಡವರಿಸಲಿಲ್ಲ. ಅವಳು ದಂಡೆ ಮುಟ್ಟಿದ ಮೇಲೆ ದೊಡ್ಡವ್ವ ಅತ್ತಳು. ಕಾರ್ತಿಕದಿಂದ ತಡೆದುಕೊಂಡಿದ್ದ ಅಳು ಅದು. ನೆಲ ಬಡಿಯುತ್ತ ಊರಿಗೆಲ್ಲ ಕೇಳುವಂತೆ ಕೂಗಿದಳು: "ಇಷ್ಟೇ ಕಣ್ಲಾ ಬೇಕಾಗಿದ್ದು ನನ್ ಮಂಚಿಗೆ! ಒಂಬತ್ತು ಕಲ್ಲು!"

ನಾನೂ ಅತ್ತೆ. ಆ ಕಲ್ಲುಗಳಿಲ್ಲದ ನಕ್ಷೆ ಬರೆದ ಕೈ ನನ್ನದೇ ಅಲ್ಲವೇ.

ಸ್ವಲ್ಪ ಹೊತ್ತಿನ ಮೇಲೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ನಿಂತಳು.

"ಏನ್ಲಾ ಕೂತ್ಕಂಡೆ? ಕೆಳಗ್ಲ ಊರಲ್ಲೂ ಇದೇ ನಾಲೆ ಅದೆ, ಅಲ್ಲೂ ಮೆಟ್ಲಿಲ್ಲ. ಏಳು, ನಿಂಗೇನೀಗ ಕೆಲ್ಸವಾ ಬೊಗಸೆಯಾ!"